ಬಾಣಂತಿಯ ಎಡಗಾಲು ಊದಿತು: ಗಾಯವೇ ಇಲ್ಲದೆ ರಕ್ತ ಹೆಪ್ಪುಗಟ್ಟುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಿರಸಿ ಹತ್ತಿರದ ಹಳ್ಳಿ. ನನ್ನ ತಂಗಿಗೆ ಸಿಸೇರಿಯನ್ ಆಗಿ ಎರಡು ವಾರ ಕಳೆದ ಮೇಲೆ ಎಡಗಾಲು ನೋಯಲು ಶುರುವಾಯಿತು. ಮಲಗಿ ಮಲಗಿ ಹಿಡಿದುಕೊಂಡಿರಬೇಕು ಎಂದು ಆಯಿ ಎಣ್ಣೆ ಹಚ್ಚಿ ತಿಕ್ಕಿದರು. ಎರಡೇ ದಿನಕ್ಕೆ ತೊಡೆಯವರೆಗೂ ಊದಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಕಾಲಿನ ಒಳಗಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಈಗ ಹೊಟ್ಟೆಗೆ ದಿನಕ್ಕೆ ಎರಡು ಇಂಜೆಕ್ಷನ್, ಜೊತೆಗೆ ವಾರ್ಫರಿನ್ ಮಾತ್ರೆ. ಪೆಟ್ಟಿಲ್ಲ, ಗಾಯವಿಲ್ಲ, ರಕ್ತ ಹೇಗೆ ಹೆಪ್ಪುಗಟ್ಟಿತು? ನಮ್ಮ ದೊಡ್ಡಪ್ಪನಿಗೂ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದಿತ್ತು. ಇದು ನಮ್ಮ ಮನೆತನದಲ್ಲೇ ಇದೆಯಾ? ಕಾಲಿನದು ಮೆದುಳಿಗೆ ಹೋಗುತ್ತದಾ? ಮಗುವಿಗೆ ಎದೆಹಾಲು ಕೊಡಬಹುದಾ? ಮುಂದೆ ಇನ್ನೊಂದು ಮಗು ಬೇಕು ಎಂದರೆ ಆಗುತ್ತದಾ?

ಉತ್ತರ: ಮೊದಲು ಇವತ್ತೇ ಮನೆಯಲ್ಲಿ ಹೇಳಬೇಕಾದ್ದನ್ನು ಹೇಳುತ್ತೇನೆ. ಆ ಕಾಲನ್ನು ಯಾರೂ ತಿಕ್ಕಬಾರದು, ಒತ್ತಬಾರದು, ಶಾಖ ಕೊಡಬಾರದು. ಆಯಿಗೆ ಬೇಜಾರಾಗುವ ಹಾಗೆ ಹೇಳಬೇಡಿ. ಕಾಲು ನೋಯುವ ಬಾಣಂತಿಗೆ ಎಣ್ಣೆ ತಿಕ್ಕುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದ್ದದ್ದೇ. ಆದರೆ ಒಳಗೆ ಹೆಪ್ಪು ಇರುವಾಗ ಜೋರಾಗಿ ತಿಕ್ಕಿದರೆ ಅದರ ಒಂದು ತುಂಡು ಕಳಚಿಕೊಂಡು ರಕ್ತದ ಜೊತೆ ಹೊರಟುಬಿಡಬಹುದು.

ಎರಡನೆಯದು, ಇಂಜೆಕ್ಷನ್ ಮತ್ತು ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಊತ ಇಳಿಯಿತು, ಇನ್ನು ಸಾಕು ಎಂದು ನೀವೇ ನಿಲ್ಲಿಸಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಂಗಿಗೆ ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟವಾದರೆ, ಉಸಿರು ಎಳೆದಾಗ ಎದೆ ಚುಚ್ಚಿದಂತಾದರೆ, ಕೆಮ್ಮಿದಾಗ ರಕ್ತ ಬಂದರೆ, ತಲೆ ತಿರುಗಿ ಬಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾದರೂ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಗಾಯವಿಲ್ಲದೆ ಹೇಗೆ ಹೆಪ್ಪುಗಟ್ಟಿತು?

ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಮಳೆಗಾಲದಲ್ಲಿ ಮತ್ತೆ ಮತ್ತೆ ಮಾಡುವ ಒಂದು ಪರೀಕ್ಷೆ ಇದೆ. ತೋಟದಲ್ಲೋ ಗದ್ದೆಯಲ್ಲೋ ಹಾವು ಕಚ್ಚಿ ಬಂದವರ ರಕ್ತವನ್ನು 2 ಎಂಎಲ್ ತೆಗೆದು, ಒಣಗಿದ ಹೊಸ ಗಾಜಿನ ನಳಿಗೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತೇವೆ. ಆಮೇಲೆ ಒಮ್ಮೆ ನಿಧಾನಕ್ಕೆ ಓರೆ ಮಾಡಿ ನೋಡುತ್ತೇವೆ. ಆರೋಗ್ಯವಂತರ ರಕ್ತವಾದರೆ ಅಷ್ಟರಲ್ಲಿ ಗಟ್ಟಿಯಾಗಿ ನಳಿಗೆಯ ತಳದಲ್ಲಿ ಕೂತಿರುತ್ತದೆ. ಓರೆ ಮಾಡಿದರೂ ಜಾರುವುದಿಲ್ಲ. ಕೊಳಕುಮಂಡಲ ಕಚ್ಚಿ ವಿಷ ಏರಿದ್ದರೆ ರಕ್ತ ನೀರಿನಂತೆ ಹರಿದು ನಳಿಗೆಯ ಬಾಯಿಯವರೆಗೂ ಬರುತ್ತದೆ. ಆ ವಿಷ ಹೆಪ್ಪುಗಟ್ಟಿಸುವ ಸಾಮಗ್ರಿಯನ್ನೆಲ್ಲ ಒಂದೇ ಸಲ ಕೆಣಕಿ ಖರ್ಚು ಮಾಡಿಸಿಬಿಡುತ್ತದೆ. ಆಮೇಲೆ ಹೆಪ್ಪುಗಟ್ಟಲು ಏನೂ ಉಳಿದಿರುವುದಿಲ್ಲ. ವಸಡು, ಮೂತ್ರ, ಸೂಜಿ ಚುಚ್ಚಿದ ಜಾಗ, ಎಲ್ಲ ಕಡೆಯಿಂದ ರಕ್ತ ಬರಲು ಶುರುವಾಗುತ್ತದೆ.

ಈ ನಳಿಗೆಯನ್ನು ಸ್ವಲ್ಪ ಯೋಚಿಸಿ ನೋಡಿ. ಮೈಯೊಳಗೆ ವರ್ಷಗಟ್ಟಲೆ ನೀರಾಗಿ ಹರಿಯುತ್ತಿದ್ದ ರಕ್ತ, ಗಾಜಿಗೆ ತಾಗಿದ 20 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅಂದರೆ ಗಟ್ಟಿಯಾಗುವ ಶಕ್ತಿ ನಮ್ಮ ರಕ್ತದಲ್ಲಿ ಯಾವಾಗಲೂ ಸಿದ್ಧವಾಗಿಯೇ ಇರುತ್ತದೆ. ಅದನ್ನು ತಡೆದು ಹಿಡಿದಿರುವುದು ರಕ್ತನಾಳದ ಒಳಪದರ. ಒಂದೇ ಒಂದು ಜೀವಕೋಶದಷ್ಟು ತೆಳುವಾದ ಆ ಪದರ ರಕ್ತವನ್ನು ಸುಮ್ಮನಿರಿಸುವ ರಾಸಾಯನಿಕಗಳನ್ನು ಹೊತ್ತಿಗೆ ಹೊತ್ತಿಗೆ ಸುರಿಸುತ್ತಲೇ ಇರುತ್ತದೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ತಿರುಗಿಸಿ ಕೇಳಿಕೊಳ್ಳುತ್ತೇನೆ. ತಂಗಿಯ ಕಾಲಿನಲ್ಲಿ ಆ ತಡೆ ಯಾಕೆ ಸೋತಿತು?

ಅದಕ್ಕೆ ಮೊದಲು, ಹೆಪ್ಪು ಅಂದರೆ ಏನು ಎಂದು ಎರಡು ಮಾತು. ಕತ್ತಿ ತಾಗಿ ಬೆರಳು ಕೊಯ್ದರೆ ಒಳಪದರ ಹರಿಯುತ್ತದೆ. ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಆ ಜಾಗಕ್ಕೆ ಬಂದು ಅಂಟಿಕೊಳ್ಳುತ್ತವೆ, ಒಂದರ ಮೇಲೊಂದು ಕೂರುತ್ತವೆ. ಅದೇ ಹೊತ್ತಿಗೆ ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿ, ತಯಾರಾದ ಹಲವು ಪ್ರೋಟೀನ್‌ಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗುತ್ತವೆ. ಕೊನೆಗೆ ಥ್ರಾಂಬಿನ್ ಎಂಬುದು ಹುಟ್ಟುತ್ತದೆ. ಅದು ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಅನ್ನು ಫೈಬ್ರಿನ್ ಎಂಬ ನಾರುಗಳನ್ನಾಗಿ ಬದಲಿಸುತ್ತದೆ. ಆ ನಾರುಗಳು ಬಲೆಯಾಗಿ ಹೆಣೆದುಕೊಂಡು, ಕೆಂಪು ರಕ್ತಕಣಗಳು ಅದರಲ್ಲಿ ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಗಾಯ ಮಾಯುತ್ತಾ ಬಂದ ಹಾಗೆ ಪ್ಲಾಸ್ಮಿನ್ ಎಂಬುದು ಅದೇ ಬಲೆಯನ್ನು ಕರಗಿಸುತ್ತದೆ. ಕಟ್ಟುವುದು, ತಡೆಯುವುದು, ಕರಗಿಸುವುದು ಇವೆಲ್ಲ ದಿನಾ ನಡೆಯುವ ಕೆಲಸ.

ಇದು ತಪ್ಪುವುದು ಯಾವಾಗ ಎಂಬುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 19ನೇ ಶತಮಾನದ ಮಧ್ಯದಲ್ಲೇ ವಿವರಿಸಿದ್ದರು. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಪೆಟ್ಟು ಬೀಳುವುದು, ರಕ್ತವೇ ಹೆಪ್ಪುಗಟ್ಟಲು ಜಾಸ್ತಿ ಸಿದ್ಧವಾಗಿರುವುದು, ಈ ಮೂರೂ ಕಾರಣಗಳು ಇವತ್ತಿಗೂ ಬದಲಾಗಿಲ್ಲ. ನಿಮ್ಮ ತಂಗಿಯಲ್ಲಿ ಮೂರೂ ಒಟ್ಟಿಗೆ ಸೇರಿವೆ.

ಗರ್ಭಿಣಿಯ ರಕ್ತ ಹೆಪ್ಪುಗಟ್ಟಲು ಜಾಸ್ತಿ ಸಿದ್ಧವಾಗಿರುತ್ತದೆ. ಇದು ಕಾಯಿಲೆಯಲ್ಲ, ಪ್ರಕೃತಿಯೇ ಮಾಡಿಕೊಂಡ ಏರ್ಪಾಡು. ಹೆರಿಗೆಯಲ್ಲಿ ಮಾಸು ಬಿದ್ದಾಗ ಗರ್ಭಕೋಶದಲ್ಲಿ ದೊಡ್ಡ ಗಾಯವೇ ಆಗುತ್ತದೆ, ಅಲ್ವಾ? ಆ ರಕ್ತ ನಿಲ್ಲದಿದ್ದರೆ ತಾಯಿ ಉಳಿಯುವುದಿಲ್ಲ. ಅದಕ್ಕೆ ಬಸಿರಿನಲ್ಲಿ ಫೈಬ್ರಿನೋಜನ್ ಏರುತ್ತದೆ, ಹೆಪ್ಪುಗಟ್ಟುವುದನ್ನು ತಡೆಯುವ ಪ್ರೋಟೀನ್ ಎಸ್ ಇಳಿಯುತ್ತದೆ. ಹೆರಿಗೆಯಾದ ಕೂಡಲೇ ಇದೆಲ್ಲ ಮೊದಲಿನಂತಾಗುವುದಿಲ್ಲ. ಮೊದಲ ಆರು ವಾರ ಅಪಾಯ ಹೆಚ್ಚು, ಅದರಲ್ಲೂ ಮೊದಲ ಎರಡು ಮೂರು ವಾರ. ಸಿಸೇರಿಯನ್ ಆದರೆ ಸಹಜ ಹೆರಿಗೆಗಿಂತ ಜಾಸ್ತಿ, ಆ ಆಪರೇಷನ್‌ನಲ್ಲಿ ಸೊಂಟದ ಒಳಗಿನ ನಾಳಗಳ ಒಳಪದರಕ್ಕೂ ಪೆಟ್ಟು ಬೀಳಬಹುದು. ಹಾಗೆಂದು ಎಲ್ಲ ಬಾಣಂತಿಯರಿಗೂ ಆಗುವ ತೊಂದರೆ ಇದಲ್ಲ. ಸಾವಿರ ಬಸಿರಿಗೆ ಒಬ್ಬಿಬ್ಬರಲ್ಲಿ ಕಾಣಿಸುತ್ತದೆ.

ಎಡಗಾಲೇ ಯಾಕೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಸಿರಿ ಬಾಣಂತಿಯರಲ್ಲಿ ಹೀಗಾಗುವುದು ಹೆಚ್ಚಾಗಿ ಎಡಗಾಲಿನಲ್ಲೇ. ಎಡಗಾಲಿನಿಂದ ರಕ್ತ ವಾಪಸ್ ಒಯ್ಯುವ ದೊಡ್ಡ ನಾಳ ಸೊಂಟದ ಹತ್ತಿರ, ಬಲಗಾಲಿಗೆ ಹೋಗುವ ಅಪಧಮನಿಯ ಅಡಿಯಲ್ಲಿ ನುಸುಳಿ ಬರುತ್ತದೆ. ಮೇಲಿಂದ ಅಪಧಮನಿ, ಹಿಂದೆ ಬೆನ್ನುಮೂಳೆ. ಅದರ ಮೇಲೆ ತುಂಬಿದ ಗರ್ಭಕೋಶದ ಭಾರ. ರಕ್ತ ಅಲ್ಲಿ ತಡೆದು ನಿಲ್ಲುತ್ತದೆ. ಅದಕ್ಕೇ ಬಾಣಂತಿಯ ಒಂದೇ ಕಾಲು ಊದಿದರೆ, ಅದರಲ್ಲೂ ಎಡಗಾಲು, ನಾವು ತಕ್ಷಣ ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತೇವೆ. ಎರಡೂ ಪಾದ ಒಂದೇ ಸಮ ಊದುವುದು ಬೇರೆ ವಿಷಯ, ಅದಕ್ಕೆ ಬೇರೆ ಕಾರಣಗಳಿವೆ.

ಕಾಲಿನ ರಕ್ತ ಮೇಲಕ್ಕೆ ಏರುವುದು ಮೀನಖಂಡದ ಸ್ನಾಯುಗಳ ಬಲದಿಂದ. ನಡೆಯುವಾಗ ಆ ಸ್ನಾಯುಗಳು ನಾಳವನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಾಳದೊಳಗಿನ ಪುಟ್ಟ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ಮಲಗಿಯೇ ಇದ್ದರೆ ಈ ಪಂಪ್ ನಿಂತುಬಿಡುತ್ತದೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ನೀರು ಓಡುವಾಗ ಏನೂ ನಿಲ್ಲುವುದಿಲ್ಲ, ಓಟ ಕಡಿಮೆಯಾದ ತಿರುವಿನಲ್ಲಿ ಸೋಗೆ ಚೂರು, ಕೆಸರು ಸೇರಿಕೊಂಡು ಕಟ್ಟಿಕೊಳ್ಳುತ್ತದೆ. ಕಾಲಿನ ನಾಳದಲ್ಲೂ ಹೆಪ್ಪು ಮೊದಲು ಹುಟ್ಟುವುದು ಕವಾಟದ ಹಿಂದಿನ ಇಂಥ ಮೂಲೆಯಲ್ಲೇ.

ಇಲ್ಲಿ ಬಾಣಂತನದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಬಾಣಂತನದಲ್ಲಿ ನನಗೆ ಇಷ್ಟವಾಗುವುದು ಬಹಳ ಇದೆ. ಹೆತ್ತವಳಿಗೆ ಮನೆಗೆಲಸ ಇಲ್ಲ, ಹೊತ್ತಿಗೆ ಸರಿಯಾಗಿ ಬಿಸಿ ಊಟ, ಹಂಡೆ ನೀರಿನ ಸ್ನಾನ, ಮಗುವನ್ನು ಎತ್ತಿಕೊಳ್ಳಲು ಮನೆ ತುಂಬ ಜನ. ಇದನ್ನೆಲ್ಲ ಉಳಿಸಿಕೊಳ್ಳಬೇಕು. ಆದರೆ ಎರಡು ಪದ್ಧತಿಗಳನ್ನು ಬಿಡಲೇಬೇಕು ಎಂದು ನಾನು ಕೈಮುಗಿದು ಕೇಳುತ್ತೇನೆ. ಒಂದು, ತಿಂಗಳುಗಟ್ಟಲೆ ಮಂಚ ಬಿಟ್ಟು ಇಳಿಯದಂತೆ ಮಲಗಿಸುವುದು. ಇನ್ನೊಂದು, ನೀರು ಕೊಡದಿರುವುದು. ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟ ಬಿಸಿನೀರಿನಲ್ಲೇ ಬಾಣಂತಿಯನ್ನು ಇಡುವ ಮನೆಗಳು ಈಗಲೂ ಇವೆ. ಹಾಲು ಕುಡಿಸುವವಳಿಗೆ ನೀರು ಜಾಸ್ತಿ ಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಮಂದವಾಗುತ್ತದೆ, ಮೊದಲೇ ಹೆಪ್ಪುಗಟ್ಟಲು ಸಿದ್ಧವಿರುವ ರಕ್ತಕ್ಕೆ ಅದೊಂದು ನೆಪ ಸಾಕು.

ಇದರ ಇನ್ನೂ ಭಯಾನಕ ರೂಪ ಮೆದುಳಿನಲ್ಲಿ ಕಾಣುತ್ತದೆ. ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ನಾಳಗಳಲ್ಲೇ ಹೆಪ್ಪುಗಟ್ಟುವ ಕಾಯಿಲೆ ನಮ್ಮ ದೇಶದ ಬಾಣಂತಿಯರಲ್ಲಿ ವೈದ್ಯರಿಗೆ ಚೆನ್ನಾಗಿಯೇ ಪರಿಚಯ. ಮೊದಲು ದಿನೇ ದಿನೇ ಏರುವ ತಲೆನೋವು, ವಾಂತಿ, ಕಣ್ಣು ಮಂಜು. ಆಮೇಲೆ ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು, ತೊದಲು ಮಾತು, ಮಂಕು. ಹಿಂದೆ ಇಂಥದ್ದನ್ನೂ ಬಾಣಂತಿ ಸನ್ನಿ ಎಂದುಕೊಂಡು ಮಂತ್ರ, ತಾಯತ ಮಾಡಿಸಿ ದಿನ ಕಳೆಯುತ್ತಿದ್ದರು. ತಲೆಯ ಸ್ಕ್ಯಾನ್ ಮಾಡಿ ಬೇಗ ಹೆಪಾರಿನ್, ಅಂದರೆ ತಂಗಿಗೆ ಈಗ ಹೊಟ್ಟೆಗೆ ಕೊಡುತ್ತಿರುವ ಥರದ ಇಂಜೆಕ್ಷನ್, ಶುರು ಮಾಡಿದರೆ ಹೆಚ್ಚಿನವರು ಪೂರ್ತಿ ಗುಣವಾಗಿ ಮನೆಗೆ ಹೋಗುತ್ತಾರೆ. ತಂಗಿಗೆ ಹೊಸದಾಗಿ ತಲೆನೋವು ಶುರುವಾಗಿ ಮಾತ್ರೆಗೂ ಬಗ್ಗದಿದ್ದರೆ ಅದನ್ನು ನಿದ್ದೆಗೆಟ್ಟ ತಲೆನೋವು ಎಂದು ಸುಮ್ನೆ ಬಿಡಬೇಡಿ.

ಈಗ, ಕಾಲಿನ ಹೆಪ್ಪು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಕಾಲಿನ ನಾಳ ಮೇಲೇರುತ್ತಾ ದೊಡ್ಡದಾಗಿ, ಹೃದಯದ ಬಲಭಾಗಕ್ಕೆ ಸೇರುತ್ತದೆ. ಅಲ್ಲಿಂದ ರಕ್ತ ಹೋಗುವುದು ಶ್ವಾಸಕೋಶಕ್ಕೆ. ಶ್ವಾಸಕೋಶದ ನಾಳಗಳು ಕವಲೊಡೆದು ಸಣ್ಣದಾಗುತ್ತಾ ಹೋಗುತ್ತವೆ, ಕಳಚಿ ಬಂದ ತುಂಡು ಅಲ್ಲಿ ಸಿಕ್ಕಿಬೀಳುತ್ತದೆ. ಸಣ್ಣ ತುಂಡಾದರೆ ಸ್ವಲ್ಪ ಎದೆನೋವು, ಕೆಮ್ಮು. ದೊಡ್ಡದಾದರೆ ಹೃದಯದಿಂದ ರಕ್ತ ಮುಂದೆ ಹೋಗಲು ದಾರಿಯೇ ಇಲ್ಲದೆ ಬಿಪಿ ಕುಸಿಯುತ್ತದೆ, ನಿಮಿಷಗಳಲ್ಲಿ ಜೀವ ಹೋಗಬಹುದು. ಹಾಗಾಗಿ ಕಾಲಿನ ಹೆಪ್ಪಿನಲ್ಲಿ ನಾವು ಹೆದರುವುದು ಕಾಲಿಗಲ್ಲ, ಶ್ವಾಸಕೋಶಕ್ಕೆ. ಮೆದುಳಿಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಕೆಲವರಿಗೆ ಹೃದಯದ ಬಲ ಎಡ ಭಾಗಗಳ ನಡುವೆ ಹುಟ್ಟಿನಿಂದ ಒಂದು ಸಣ್ಣ ಕಿಂಡಿ ಮುಚ್ಚದೆ ಉಳಿದಿರುತ್ತದೆ. ಅಂಥವರಲ್ಲಿ ಮಾತ್ರ ಅಪರೂಪಕ್ಕೆ ಹಾಗಾಗಬಹುದು.

ದೊಡ್ಡಪ್ಪನ ಲಕ್ವ ಬೇರೆಯದೇ ದಾರಿಯಲ್ಲಿ ಬಂದದ್ದು. ಅದು ಹೃದಯದಿಂದ ಮೆದುಳಿಗೆ ರಕ್ತ ಒಯ್ಯುವ ಅಪಧಮನಿಯಲ್ಲಿ ಆಗುವ ತೊಂದರೆ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕೊಲೆಸ್ಟರಾಲ್ ಇವುಗಳಿಂದ ಅಪಧಮನಿಯ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು, ಒಂದು ದಿನ ಆ ಪದರ ಒಡೆದು, ಪ್ಲೇಟ್‌ಲೆಟ್‌ಗಳು ಅಲ್ಲಿ ಮುತ್ತಿಕೊಳ್ಳುತ್ತವೆ. ಹಾರ್ಟ್ ಅಟ್ಯಾಕ್ ಆಗುವುದೂ ಹೀಗೆಯೇ. ಇಲ್ಲವೇ ಹೃದಯದ ಬಡಿತ ತಾಳ ತಪ್ಪಿ, ಎಡ ಮೇಲ್ಕೋಣೆಯಲ್ಲಿ ರಕ್ತ ನಿಂತು ಹೆಪ್ಪಾಗಿ, ಅಲ್ಲಿಂದ ಮೆದುಳಿಗೆ ಹಾರುತ್ತದೆ. ವಯಸ್ಸಾದ ಮೇಲೆ ದೊಡ್ಡಪ್ಪನಿಗೆ ಬಂದ ಲಕ್ವಕ್ಕೂ ತಂಗಿಯ ಕಾಲಿಗೂ ನಂಟು ಹುಡುಕಬೇಕಾಗಿಲ್ಲ. ಆದರೆ ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ ಐವತ್ತರೊಳಗೆ ಕಾಲಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದರೆ ಅದನ್ನು ವೈದ್ಯರಿಗೆ ಹೇಳಿ. ತಂಗಿಗೆ ಮೊದಲು ಮತ್ತೆ ಮತ್ತೆ ಗರ್ಭಪಾತ ಆಗಿದ್ದರೆ ಅದನ್ನೂ ಹೇಳಿ. ಹೆಪ್ಪುಗಟ್ಟುವ ಗುಣ ಹುಟ್ಟಿನಿಂದ ಇದೆಯೇ ಎಂದು ನೋಡುವ ರಕ್ತ ಪರೀಕ್ಷೆಗಳಿವೆ, ದುಬಾರಿ. ಅವನ್ನು ಈಗಲೇ ಮಾಡಿಸಲು ಓಡಬೇಡಿ. ಬಾಣಂತನದಲ್ಲಿ, ಹೊಸ ಹೆಪ್ಪು ಇರುವಾಗ, ಈ ಔಷಧಿಗಳ ನಡುವೆ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಪರೀಕ್ಷೆ ಮಾಡಿಸಿದರೆ ಇಲ್ಲದ ಕಾಯಿಲೆ ಇದೆ ಎಂದು ತೋರಿಸಬಹುದು.

ಔಷಧಿಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ.

ಇವು ಹೆಪ್ಪನ್ನು ಕರಗಿಸುವ ಔಷಧಿಗಳಲ್ಲ. ಇರುವ ಹೆಪ್ಪು ಬೆಳೆಯದಂತೆ, ಹೊಸದು ಹುಟ್ಟದಂತೆ ತಡೆಯುತ್ತವೆ ಅಷ್ಟೇ. ಕರಗಿಸುವ ಕೆಲಸವನ್ನು ತಂಗಿಯ ಮೈಯೇ ನಿಧಾನವಾಗಿ ಮಾಡಿಕೊಳ್ಳುತ್ತದೆ, ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಊತ ಇಳಿದ ಕೂಡಲೇ ಔಷಧಿ ಬಿಡಬಾರದು ಎಂದದ್ದು ಇದಕ್ಕೇ.

ಹೆಪಾರಿನ್ ಇಂಜೆಕ್ಷನ್ ಮನೆಯಲ್ಲೇ ಕೊಡುತ್ತಿದ್ದರೆ ಗಮನಿಸಿ. ಹೊಕ್ಕುಳಿನಿಂದ ಎರಡು ಇಂಚು ದೂರ, ಸಿಸೇರಿಯನ್ ಹೊಲಿಗೆಯ ಹತ್ತಿರ ಹೋಗದೆ, ಚರ್ಮವನ್ನು ಎರಡು ಬೆರಳಲ್ಲಿ ಮಡಿಸಿ ಹಿಡಿದು ಸೂಜಿ ನೇರವಾಗಿ ಹಾಕಬೇಕು. ಔಷಧಿ ಪೂರ್ತಿ ಹೋಗುವವರೆಗೂ ಮಡಿಕೆ ಬಿಡಬಾರದು. ಆಮೇಲೆ ಆ ಜಾಗ ತಿಕ್ಕಬಾರದು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಅಲ್ಲಲ್ಲಿ ನೀಲಿಗಟ್ಟುವುದು ಸಹಜ, ಅದಕ್ಕೆ ಹೆದರಬೇಡಿ.

ವಾರ್ಫರಿನ್ ಮಾತ್ರೆ ಕೆಲಸ ಶುರು ಮಾಡಲು ದಿನಗಳೇ ಬೇಕು. ಅದಕ್ಕೆ ಕನಿಷ್ಠ ಐದು ದಿನ ಇಂಜೆಕ್ಷನ್, ಮಾತ್ರೆ ಎರಡೂ ಒಟ್ಟಿಗೆ ನಡೆಯುತ್ತವೆ. ಐಎನ್ಆರ್ ಎಂಬ ರಕ್ತ ಪರೀಕ್ಷೆ ಅದರ ಅಳತೆ. ಔಷಧಿ ಇಲ್ಲದವರಲ್ಲಿ ಅದು 1ರ ಆಸುಪಾಸು, ತಂಗಿಗೆ 2ರಿಂದ 3ರ ಒಳಗೆ ಇರಬೇಕು. ಕಡಿಮೆಯಾದರೆ ಹೆಪ್ಪು ಬೆಳೆಯುತ್ತದೆ, ಜಾಸ್ತಿಯಾದರೆ ರಕ್ತಸ್ರಾವ. ಮಳೆ ಜೋರು, ಬಸ್ಸಿಲ್ಲ ಎಂದು ಪರೀಕ್ಷೆ ಮುಂದೂಡಬೇಡಿ.

ಈ ಮಾತ್ರೆಯ ಕತೆ ದನ ಸಾಕಿದವರಿಗೆ ಬೇಗ ಅರ್ಥವಾಗುತ್ತದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಒಂದು ಜಾತಿಯ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತರೊಬ್ಬರು ಸತ್ತ ಹಸುವನ್ನೂ ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ಅದರ ರಕ್ತವನ್ನೂ ಹಿಮದ ನಡುವೆ ವಿಶ್ವವಿದ್ಯಾಲಯಕ್ಕೆ ಹೊತ್ತು ತಂದರು. ಅಲ್ಲಿನ ಕಾರ್ಲ್ ಲಿಂಕ್ ಮತ್ತು ಜೊತೆಯವರು ಮೇವಿನಲ್ಲಿದ್ದ ಆ ವಸ್ತುವನ್ನು ಬೇರ್ಪಡಿಸಿದರು, ವಾರ್ಫರಿನ್ ಅದರಿಂದಲೇ ಮುಂದೆ ಬಂತು. ಅದು ಮಾಡುವುದು ಇಷ್ಟೇ: ಲಿವರ್ ಹೆಪ್ಪುಗಟ್ಟಿಸುವ ಪ್ರೋಟೀನ್ ತಯಾರಿಸಲು ಬೇಕಾದ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ.

ಅದಕ್ಕೇ ಊಟದ ವಿಷಯ ಬರುತ್ತದೆ. ಹರಿವೆ, ಬಸಳೆ, ನುಗ್ಗೆ ಸೊಪ್ಪು, ಕೊತ್ತಂಬರಿ ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ. ಸೊಪ್ಪನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ, ಬಾಣಂತಿಗೆ ಅದು ಬೇಕು. ವಾರದಿಂದ ವಾರಕ್ಕೆ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಲಿ. ಒಂದು ವಾರ ದಿನಾ ಸೊಪ್ಪಿನ ಹುಳಿ, ಮುಂದಿನ ವಾರ ಬರೀ ಸಾರು ಅನ್ನ ಎಂದಾದರೆ ಐಎನ್ಆರ್ ಏರಿಳಿಯುತ್ತದೆ. ಕಷಾಯ, ಲೇಹ್ಯ, ನಾಟಿ ಔಷಧಿ ಏನೇ ಕೊಡುತ್ತಿದ್ದರೂ ವೈದ್ಯರಿಗೆ ತೋರಿಸಿ. ನೋವಿಗೆ ಪ್ಯಾರಸಿಟಮಾಲ್ ಆಗಬಹುದು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬೇಡಿ. ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್‌ಗಳೂ ಬೇಡ. ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ, ಹೆರಿಗೆಯ ಸ್ರಾವ ಮತ್ತೆ ಜೋರಾದರೆ ಅದೇ ದಿನ ತೋರಿಸಿ.

ಎದೆಹಾಲು ಧೈರ್ಯವಾಗಿ ಕೊಡಲಿ. ಹೆಪಾರಿನ್, ವಾರ್ಫರಿನ್ ಎರಡರಲ್ಲೂ ಮಗುವಿಗೆ ತೊಂದರೆಯಿಲ್ಲ. ಪರೀಕ್ಷೆಯ ಕಾಟವಿಲ್ಲದ ಹೊಸ ಮಾತ್ರೆಗಳು ಬಂದಿವೆ, ರಿವರೊಕ್ಸಬಾನ್, ಎಪಿಕ್ಸಬಾನ್ ಎಂದು. ಯಾರಾದರೂ ಅದು ಸುಲಭ ಎಂದು ಹೇಳಿದರೆ, ಹಾಲು ಕುಡಿಸುತ್ತಿರುವಾಗ ಅವು ಬೇಡ ಎಂಬುದು ನೆನಪಿರಲಿ.

ನಡೆದರೆ ಹೆಪ್ಪು ಕಳಚುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ಔಷಧಿ ಶುರುವಾದ ಮೇಲೆ, ವೈದ್ಯರು ಬೇಡ ಎನ್ನದಿದ್ದರೆ, ಮನೆಯೊಳಗೆ, ಜಗಲಿಯಲ್ಲಿ, ಅಂಗಳದಲ್ಲಿ ಓಡಾಡುವುದು ಒಳ್ಳೆಯದೇ. ಕೂತಾಗ ಕಾಲು ಸ್ವಲ್ಪ ಎತ್ತರಕ್ಕೆ ಇಡಲಿ, ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಲಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ತೋರಿಸಲು ಹೋಗುವುದಾದರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಕೆಲವರಲ್ಲಿ ಹೆಪ್ಪು ಕರಗಿದರೂ ಒಳಗಿನ ಕವಾಟಗಳು ಹಾಳಾಗಿ, ಸಂಜೆಯಾದರೆ ಕಾಲು ಭಾರ, ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಾಗುವುದು ವರ್ಷಗಟ್ಟಲೆ ಉಳಿಯುತ್ತದೆ. ಊತಕ್ಕೆ ಬಿಗಿ ಕಾಲುಚೀಲ ಹಾಕಬಹುದು, ಅಳತೆ ನೋಡಿ ವೈದ್ಯರೇ ಹೇಳಲಿ.

ಜೀವನಪರ್ಯಂತ ಮಾತ್ರೆ ಬೇಕಾಗುವುದಿಲ್ಲ. ಹೆರಿಗೆಯಂಥ ಸ್ಪಷ್ಟ ಕಾರಣವಿರುವಾಗ ಸಾಮಾನ್ಯವಾಗಿ ಮೂರು ತಿಂಗಳು, ಕೆಲವೊಮ್ಮೆ ಆರು.

ಇನ್ನೊಂದು ಮಗು ಖಂಡಿತ ಆಗಬಹುದು, ಆದರೆ ತಯಾರಿ ಬೇಕು. ವಾರ್ಫರಿನ್ ನಡೆಯುತ್ತಿರುವಾಗ ಬಸಿರು ನಿಲ್ಲಬಾರದು, ಹೊಟ್ಟೆಯ ಮಗುವಿನ ಅಂಗಾಂಗ ಬೆಳೆಯುವುದಕ್ಕೆ ಅದರಿಂದ ತೊಂದರೆ. ಅಂತರ ಇಡಲು ಈಸ್ಟ್ರೋಜನ್ ಇರುವ ಸಾಮಾನ್ಯ ಗರ್ಭನಿರೋಧಕ ಮಾತ್ರೆ ತಂಗಿ ಇನ್ನು ಮುಂದೆ ಯಾವತ್ತೂ ತೆಗೆದುಕೊಳ್ಳಬಾರದು, ಅದು ರಕ್ತ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ಕಾಪರ್ ಟಿ ಅಥವಾ ಬೇರೆ ಉಪಾಯ ಕೇಳಿ. ಮುಂದೆ ಬಸಿರಾದರೆ ಮುಟ್ಟು ತಪ್ಪಿದ ಮೊದಲ ವಾರದಲ್ಲೇ ವೈದ್ಯರನ್ನು ನೋಡಬೇಕು. ಹೆಪಾರಿನ್ ಇಂಜೆಕ್ಷನ್ ಯಾವಾಗಿನಿಂದ ಬೇಕು ಎಂದು ಅವರು ನಿರ್ಧರಿಸುತ್ತಾರೆ. ಅದು ಮಗುವಿನ ರಕ್ತಕ್ಕೆ ದಾಟುವುದಿಲ್ಲ. ಹೆರಿಗೆಯಾದ ಮೇಲೂ ಆರು ವಾರ ಮುಂದುವರಿಯುತ್ತದೆ. ಈಗಿನ ಡಿಸ್ಚಾರ್ಜ್ ಚೀಟಿ ಮತ್ತು ಡಾಪ್ಲರ್ ವರದಿಯನ್ನು ತಾಯಿ ಕಾರ್ಡಿನ ಜೊತೆಗೇ ಎತ್ತಿಡಿ. ಹಲ್ಲು ಕೀಳಿಸಲು ಹೋದರೂ, ಯಾವುದೇ ಆಪರೇಷನ್‌ಗೆ ಹೋದರೂ ಅದನ್ನು ಮೊದಲು ತೋರಿಸಿ.